ಕಾಲುಸಂಕದ ಉಳಿದ ಮುಕ್ಕಾಲು

ಪುತ್ತೂರಿನಲ್ಲಿ ವಕೀಲಿ ಮಾಡುವವರು ಜಾಗದ ತಕರಾರು ಹಿಡಿದರೆ ಸಾಕು, ಮೊಮ್ಮಕ್ಕಳ ಕಾಲದವರೆಗೆ ವಾಯಿದೆಗೆ ಬರಗಾಲವಿಲ್ಲ. ನಾನು ಮಾತ್ರ ಆ ಸುಖದ ದಾರಿ ಬಿಟ್ಟು ಸಿಮೆಂಟಿಗೆ ಬಿದ್ದೆ. ನನ್ನ ಕಕ್ಷಿದಾರರೆಲ್ಲ ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರು; ಎದುರು ಪಾರ್ಟಿ ಯಾವಾಗಲೂ ಸರ್ಕಾರ. ಶಾಲೆಯ ಶೌಚಾಲಯ, ನೀರಿನ ಟ್ಯಾಂಕ್, ತಡೆಗೋಡೆ, ಮೋರಿ, ಇವುಗಳಿಗಾಗಿ ಜಗಳವಾಡಿ ನನ್ನ ಅರ್ಧ ತಲೆ ಬೆಳ್ಳಗಾಗಿದೆ. ಮರ್ಕಂಜದ ನನ್ನ ಚಿಕ್ಕಮ್ಮ ಮದುವೆಮನೆಗಳಲ್ಲಿ ನನ್ನನ್ನು ಪರಿಚಯಿಸುವುದೇ "ಇವಳು ಕುಮುದಿನಿ, ನಮ್ಮ ಮೋರಿ ಲಾಯರ್" ಎಂದು. ಒಮ್ಮೆ ಸಿಟ್ಟು ಬಂದು, ಮೋರಿಯಲ್ಲದೆ ನೀರಿನ ಟ್ಯಾಂಕೂ ಉಂಟು ಎಂದು ತಿದ್ದಿದೆ. ಅದರಿಂದ ಮರ್ಯಾದೆಯೇನೂ ಹೆಚ್ಚಲಿಲ್ಲ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು ನಿಜ. ಆದರೆ ಕಡಬದ ಸಾಹುಲ್ ಹಮೀದ್ ನನಗಿಂತ ಮುಂದೆ. ಶಾಲೆ, ಅಂಗನವಾಡಿ ಕಟ್ಟಿಸುತ್ತಲೇ ಗಡ್ಡ ಹಣ್ಣಾದ ಗುತ್ತಿಗೆದಾರ. ಕಳೆದ ಆಷಾಢದಲ್ಲಿ ಅವರು ನನ್ನ ಆಫೀಸಿಗೆ ಬಂದು, ಒದ್ದೆ ಕೊಡೆಯನ್ನು ನನ್ನ ಫೈಲುಗಳ ಮೇಲೆಯೇ ಇಟ್ಟು, ಕೂತುಕೊಳ್ಳದೆ ಕೂಗಾಡಿದರು. ಹಿಂದೆ ಅವರ ಮಗಳು ಸುಹಾನಾ ನಿಂತಿದ್ದಳು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ತಂದೆಯ ಜೊತೆ ಕೆಲಸಕ್ಕೆ ಸೇರಿದ ಹುಡುಗಿ.

"ನೋಡಿ ವಕೀಲ್ರೆ, ನಾವು ಕೆಲಸ ಅರ್ಧಕ್ಕೆ ಬಿಟ್ಟು ಓಡಿದ್ದಂತೆ! ನಮ್ಮನ್ನು ಕಪ್ಪು ಪಟ್ಟಿಗೆ ಹಾಕ್ತಾರಂತೆ! ಎಂತ ಮಾರಾಯ್ರೆ ಇದು?"

ವಿಷಯ ಹೀಗಿತ್ತು. ಮಂಡೆಕೋಲು ಊರಿನ ಒಳಗೆ ಒಂದು ತೋಡಿಗೆ, ಸಣ್ಣ ಹೊಳೆ ಅನ್ನಿ, ಜನ ನಡೆದು ದಾಟಲು ಕಾಂಕ್ರೀಟಿನ ಕಾಲುಸಂಕ ಕಟ್ಟುವ ಗುತ್ತಿಗೆ ಇವರಿಗೆ ಸಿಕ್ಕಿತ್ತು. ಕಟ್ಟಿಯೂ ಆಗಿತ್ತು, ಮಕ್ಕಳು ಅದರ ಮೇಲೆಯೇ ಶಾಲೆಗೆ ಹೋಗುತ್ತಿದ್ದರು. ಆದರೆ ರಾಜಧಾನಿಯಿಂದ ತಪಾಸಣೆಗೆ ಬಂದ ಮಹಾಶಯರೊಬ್ಬರು ಕೆಲಸ ಪೂರ್ತಿಯಾಗಿಲ್ಲ ಎಂದು ವರದಿ ಕೊಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂದು ಸುಮ್ಮನೆ ಹೇಳುತ್ತಾರೆಯೇ?

"ನನ್ನದು ಮುಗೀತು, ನನಗೆ ವಯಸ್ಸಾಯ್ತು" ಎಂದು ಸಾಹುಲ್ ಹಮೀದ್ ಕೊನೆಗೆ ಕುರ್ಚಿಯಲ್ಲಿ ಕುಸಿದರು. "ಇವಳದ್ದು ಹೇಳಿ. ಈ ಸಂಕ ಇವಳ ಮೊದಲ ಕೆಲಸ. ನಕ್ಷೆಯಿಂದ ಹಿಡಿದು ಕ್ಯೂರಿಂಗಿಗೆ ನೀರು ಬಿಡುವ ತನಕ ಇವಳೇ ನಿಂತದ್ದು. ಪಟ್ಟಿಗೆ ನಮ್ಮ ಹೆಸರು ಬಿದ್ರೆ ಇವಳಿಗೆ ಇನ್ನು ಯಾರು ಕೆಲಸ ಕೊಡ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರುದಿಲ್ಲ."

ಸುಹಾನಾ ಫೈಲಿನ ಮೇಲಿದ್ದ ಕೊಡೆಯನ್ನು ತೆಗೆದು ಬಾಗಿಲ ಬಳಿ ಇಟ್ಟಳು. ಅಷ್ಟರಲ್ಲೇ ನನಗೆ ಅವಳು ಇಷ್ಟವಾದಳು. ಈ ಕೇಸು ಸೋತರೆ ಕರಿಕೋಟು ಕಳಚಿಟ್ಟು ನಿಜವಾಗಿಯೂ ಮೋರಿ ಕಟ್ಟಲು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ವಿಚಾರಣೆ ಪುತ್ತೂರಿನಲ್ಲೇ, ಒಂದು ಸರ್ಕಾರಿ ಕಚೇರಿಯ ಸಭಾಂಗಣದಲ್ಲಿ ನಡೆಯಿತು. ವಿಚಾರಣಾಧಿಕಾರಿ ಬಸವಂತರಾಯರು, ಕಲಬುರಗಿ ಕಡೆಯ ನಿವೃತ್ತ ಎಂಜಿನಿಯರ್. ಮನುಷ್ಯ ಒಳ್ಳೆಯವರು. ಆದರೆ ನಮ್ಮ ಮಳೆಯನ್ನು ಅವರು ಇಲಾಖೆಯ ಅನುಮತಿಯಿಲ್ಲದೆ ನಡೆಯುತ್ತಿರುವ ಕಾಮಗಾರಿ ಎಂಬಂತೆ ಕಿಟಕಿಯಿಂದ ನೋಡುತ್ತಿದ್ದರು. ಇಲಾಖೆಯ ಪರ ವಕೀಲ ನೆಲ್ಯಾಡಿಯ ಉಲ್ಲಾಸ್, ಒಂದು ಕಾಲದಲ್ಲಿ ನನ್ನ ಜೂನಿಯರ್. ನಾನು ಸಂಕದ ಫೋಟೋಗಳನ್ನು ಮುಂದಿಟ್ಟ ಕೂಡಲೇ ಉಲ್ಲಾಸ್ ಎದ್ದು, ಇವು ಯಾವ ಊರಿನ ಸಂಕದ ಫೋಟೋ ಎಂದು ಹೇಗೆ ನಂಬುವುದು ಎಂದು ಕೇಳಿದ. ಆ ವಿದ್ಯೆ ಅವನಿಗೆ ಕಲಿಸಿದ್ದು ನಾನೇ.

"ಊರಿನವ್ರನ್ನ ಯಾರನ್ನಾದ್ರೂ ಕರಸ್ರಿ" ಎಂದರು ಬಸವಂತರಾಯರು. "ಈ ಮಳ್ಯಾಗ ನಾ ಅಂತೂ ಹೊಳಿ ತನಕ ಬರಾಂಗಿಲ್ಲ."

ನಾನು ತಯಾರಾಗಿಯೇ ಬಂದಿದ್ದೆ. ನನ್ನ ಸಾಕ್ಷಿ ಮಂಡೆಕೋಲಿನ ಚನಿಯಪ್ಪ. ತೋಡಿನ ಆಚೆ ದಡದಲ್ಲೇ ಅವರ ಮನೆ. ನಮ್ಮಂತೆಯೇ ಮನೆಯಲ್ಲಿ ಅರೆಭಾಷೆ ಆಡುವವರು, ದೂರದ ನೆಂಟರು ಕೂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ವರನ ಕಡೆಯವರಂತೆ ಗಂಭೀರವಾಗಿ ಕೂತಿದ್ದರು.

"ಹೇಳ್ರಿ ಯಜಮಾನ್ರ, ಕೆಲಸ ಎಷ್ಟು ಆಗ್ಯದ?"

"ಕಾಲುಸಂಕ ಆಗಿದೆ ಸ್ವಾಮಿ."

ಬಸವಂತರಾಯರು ತಲೆಯಾಡಿಸಿ ಬರೆದುಕೊಂಡರು. ನಾನು ಗೆದ್ದೆ ಎಂದು ಹಿಂದಕ್ಕೆ ಒರಗಿದೆ.

"ಸರಿಯಾಗಿ ಹೇಳ್ರಿ. ಬರೇ ಕಾಲು ಸಂಕ ಆಗ್ಯದೋ?"

"ಹೌದು ಸ್ವಾಮಿ, ಬರೀ ಕಾಲುಸಂಕ. ಬೇರೆ ಎಂತ ಇಲ್ಲ."

"ಹಂಗಾದ್ರ ಉಳಿದ ಮುಕ್ಕಾಲು ಎಲ್ಲಿ ಹೋತು?"

ಚನಿಯಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಉಳಿದ ಮುಕ್ಕಾಲು? ಯಾವುದರ ಮುಕ್ಕಾಲು?

"ನೋಡ್ರಿ ಮೇಡಂ" ಎಂದರು ಬಸವಂತರಾಯರು, ನನ್ನ ಬಗ್ಗೆ ನಿಜವಾಗಿಯೂ ಕನಿಕರಪಡುತ್ತ. "ಸಂಕ ಅಂದ್ರ ನಿಮ್ಮ ಕಡೆ ಸೇತುವೆ. ಅದು ನಾ ಇಲ್ಲಿಗಿ ಬಂದ ಮ್ಯಾಲ ಕಲ್ತೀನಿ. ತಪಾಸಣೆಗೆ ಬಂದಾವ್ರಿಗೂ ಊರ ಅಂಗಡ್ಯಾಗಿನ ಮಂದಿ ಕಾಲು ಸಂಕ ಆಗ್ಯದ ಅಂತಲೇ ಹೇಳ್ಯಾರ. ಈಗ ನಿಮ್ಮ ಸಾಕ್ಷಿನೂ ಅದನ್ನೇ ಹೇಳ್ತಾರ. ನಾಕರಾಗ ಒಂದು ಭಾಗ ಕಟ್ಟಿ ಪೂರ್ತಿ ಆಗ್ಯದ ಅಂದ್ರ ಹೆಂಗ್ರಿ?"

ನನ್ನ ತಲೆಯಲ್ಲಿ ಟ್ಯೂಬ್‌ಲೈಟ್ ಹತ್ತಿದ್ದು ಆಗ. ಹುಟ್ಟಿದಾಗಿನಿಂದ ಒಂದೇ ತುತ್ತಾಗಿ ಬಾಯಿಗೆ ಬರುವ ಮಾತು ಅದು. ಅದನ್ನು ನಡುವೆ ಮುರಿದು ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ?

"ಸರ್, ಕಾಲು ಅಂದರೆ ಕಾಲಲ್ಲ!" ಎಂದು ಎದ್ದು ನಿಂತೆ. "ಕಾಲು ಅಂದರೆ ಕಾಲು!"

"ಅದನ್ನೇ ಅಲ್ರೀ ನಾ ಹೇಳಾಕತ್ತಿದ್ದು?"

ಕೊನೆಗೆ ನಾನು ಮೇಜಿನ ಈಚೆ ಬಂದು, ಸೀರೆಯ ನೆರಿಗೆ ತುಸು ಮೇಲೆತ್ತಿ, ಚಪ್ಪಲಿ ಸಮೇತ ನನ್ನ ಬಲಗಾಲನ್ನೇ ಮುಂದೆ ಚಾಚಿ ತೋರಿಸಬೇಕಾಯಿತು. ಕಾಲಿನಲ್ಲಿ ನಡೆದು ದಾಟುವ ಸಂಕ, ಅದಕ್ಕೇ ಕಾಲುಸಂಕ. ಇಷ್ಟು ವರ್ಷದ ವಕೀಲಿಯಲ್ಲಿ ನನ್ನದೇ ಕಾಲನ್ನು ಸಾಕ್ಷ್ಯವಾಗಿ ಹಾಜರುಪಡಿಸಿದ್ದು ಅದೇ ಮೊದಲು. ಬಸವಂತರಾಯರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಹೊಟ್ಟೆ ಹಿಡಿದು ನಕ್ಕರು. ಉಲ್ಲಾಸ್ ಮಾತ್ರ ನಗಲಿಲ್ಲ.

"ನೀನು ನೆಲ್ಯಾಡಿಯವ. ಕಾಲುಸಂಕ ಅಂದರೆ ಎಂತ ಅಂತ ನಿನಗೆ ಗೊತ್ತಿರಲಿಲ್ವಾ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಗೊತ್ತುಂಟು ಅಕ್ಕ. ಆದ್ರೆ ನನ್ನ ಕಕ್ಷಿದಾರ ಇಲಾಖೆ ಅಲ್ವಾ?"

ನಕ್ಕು ಮುಗಿದ ಮೇಲೆ ಬಸವಂತರಾಯರು ಪೆನ್ನು ಎತ್ತಿಕೊಂಡರು. ಆದರೆ ಇಲಾಖೆಯ ಕಾಗದಗಳಲ್ಲಿ ಎಲ್ಲಿಯೂ ಸಂಕ ಎಂಬ ಶಬ್ದವಿಲ್ಲ, ಪಾದಚಾರಿ ಸೇತುವೆ ಎಂದಿದೆ. ಆ ಮಾತಿನಲ್ಲೇ ಸಾಕ್ಷಿ ಹೇಳಿದರೆ ಚಹಾಕ್ಕೆ ಮೊದಲೇ ಮುಗಿಸಬಹುದು ಎಂದರು. "ಹೇಳ್ರಿ ಯಜಮಾನ್ರ, ಸೇತುವೆ ಪೂರ್ತಿ ಆಗ್ಯದ ಹೌದಲ್ಲ?"

"ಇಲ್ಲ ಸ್ವಾಮಿ" ಎಂದರು ಚನಿಯಪ್ಪ.

ಸಾಹುಲ್ ಹಮೀದರ ಬಾಯಿಯಿಂದ "ಯಾ ಅಲ್ಲಾಹ್" ಎಂದು ಹೊರಟಿತು.

"ಎಂತ ಇಲ್ಲ?" ನಾನೇ ಕೇಳಿದೆ.

"ಸೇತುವೆ ಆಗ್ಲಿಲ್ಲ. ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬಸವಂತರಾಯರು ಪೆನ್ನು ಕೆಳಗಿಟ್ಟು ಚಹಾಕ್ಕೆ ಬಿಡುವು ಕೊಟ್ಟರು. ನಾನು ಚನಿಯಪ್ಪನವರನ್ನು ಹೊರಗಿನ ಜಗುಲಿಗೆ ಕರೆದೊಯ್ದು ಚೆನ್ನಾಗಿ ಬೈದೆ. ನೆಂಟರೆಂದೂ ನೋಡಲಿಲ್ಲ, ಹಿರಿಯರೆಂದೂ ನೋಡಲಿಲ್ಲ. ಸಂಕ ಅಂದರೂ ಸೇತುವೆ ಅಂದರೂ ಒಂದೇ ಅಲ್ಲವೇ, ಒಂದು ಶಬ್ದ ಹೇಳಿದರೆ ನಾಲಿಗೆ ಸವೆದು ಹೋಗುತ್ತದೆಯೇ ಎಂದು ಕೇಳಿದೆ. ಅವರು ಬೈಗುಳವನ್ನೆಲ್ಲ ಚಹಾದ ಜೊತೆ ಕುಡಿದು ಮುಗಿಸಿದರು.

"ಒಂದೇ ಅಲ್ಲ ತಂಗೀ" ಎಂದರು ಆಮೇಲೆ. "ಜನ ಹೋಗುದು ಸಂಕ, ಬಸ್ಸು ಹೋಗುದು ಸೇತುವೆ. ಸೇತುವೆ ಬೇಕು ಅಂತ ನನ್ನ ಅಪ್ಪನ ಕಾಲದಿಂದ ಅರ್ಜಿ ಕೊಡ್ತಾ ಇದ್ದೇವೆ. ಹೋದ ಮಳೆಗಾಲ ನಮ್ಮ ಕುಕ್ಕಪ್ಪನಿಗೆ ಎದೆನೋವು ಬಂತು. ಆಂಬುಲೆನ್ಸ್ ತೋಡಿನ ಆಚೆಯೇ ನಿಂತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತದ್ದು ನಾವು. ಅರ್ಧ ದಾರಿಯಲ್ಲಿ ಅವ ಎಂತ ಹೇಳಿದ ಗೊತ್ತುಂಟಾ? ಕುರ್ಚಿ ವಾಲ್ತದೆ, ನಾನು ಇಳಿದು ನಡೀತೇನೆ, ನೀವು ಕುರ್ಚಿ ಹಿಡ್ಕೊಳ್ಳಿ ಅಂತ."

ನನಗೆ ನಗು ಬಂತು. ಚನಿಯಪ್ಪ ನಗಲಿಲ್ಲ.

"ಅವ ಬದುಕಿದ. ಇನ್ನೊಬ್ಬ ಬದುಕ್ತಾನಾ ಗೊತ್ತಿಲ್ಲ. ಈಗ ಸರ್ಕಾರದವರ ಎದುರು ನನ್ನ ಬಾಯಲ್ಲೇ ಸೇತುವೆ ಆಯ್ತು ಅಂತ ಹೇಳಿದ್ರೆ, ನಾಳೆ ಸೇತುವೆ ಕೇಳ್ಲಿಕ್ಕೆ ನನಗೆ ಬಾಯಿ ಉಂಟಾ?"

ತಿರುಗಿ ನೋಡಿದರೆ ಕಂಬದ ಬಳಿ ಚಹಾದ ಲೋಟ ಹಿಡಿದು ಸುಹಾನಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆದರೂ ನಾನು ವಕೀಲೆ. ಪ್ರಶ್ನೆಯನ್ನು ತಿರುಚಿ, ಸಾಕ್ಷಿಗೆ ತಿಳಿಯದಂತೆ ಸಾಕ್ಷಿಯ ಬಾಯಿಂದ ಹೌದು ಎನಿಸುವುದು ನನ್ನ ಕಸುಬು. ಆ ಹುಡುಗಿಯ ಹೆಸರು ಉಳಿಸಬೇಕು, ಊರಿನ ಸೇತುವೆಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಗಟ್ಟಿ ಮಾಡಿಕೊಂಡು ಒಳಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಸುಹಾನಾ ಎದ್ದಳು.

"ಸರ್, ಇವರು ಹೇಳುದು ಸರಿ. ಸೇತುವೆ ಆಗಿಲ್ಲ. ನಾನು ಕಟ್ಟಿದ್ದು ಸಂಕ. ಅದು ಪೂರ್ತಿ ಆಗಿದೆ. ಎರಡನ್ನೂ ಬರೀರಿ."

ನಾನು ಅವಳ ಚೂಡಿದಾರದ ತುದಿ ಹಿಡಿದು ಎಳೆದೆ. ಅವಳು ಬಗ್ಗಲಿಲ್ಲ.

"ತಂಗೀ, ಸೇತುವೆ ಆಗಿಲ್ಲ ಅಂತ ಬರದ್ರ ಮ್ಯಾಲಿನವ್ರು ಅದೊಂದೇ ಸಾಲು ಓದ್ತಾರ" ಎಂದರು ಬಸವಂತರಾಯರು. "ಕಪ್ಪು ಪಟ್ಟಿಗಿ ನಿಮ್ಮ ಹೆಸರು ಹೋದ್ರೂ ಹೋಗಬಹುದು. ಗೊತ್ತದ ಏನು?"

"ಗೊತ್ತುಂಟು ಸರ್. ನನ್ನ ಹೆಸರಿಗೆ ಬೇಕಾಗಿ ಒಂದು ಊರಿನ ಸೇತುವೆ ಹೋಗುದು ಬೇಡ."

"ಮೋಳೇ" ಎಂದು ಮಗಳನ್ನು ಕರೆದರು ಸಾಹುಲ್ ಹಮೀದ್ ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳು "ಸಾರ ಇಲ್ಲ ಉಪ್ಪ", ಪರವಾಗಿಲ್ಲ ಅಪ್ಪ, ಎಂದಳು. ಅವರು ಗಡ್ಡ ನೀವಿಕೊಂಡು ನನ್ನ ಕಡೆ ನೋಡಿ, "ಹಾಗೇ ಬರೀಲಿ ವಕೀಲ್ರೆ" ಎಂದರು. ನನಗೆ ಇಬ್ಬರ ಮೇಲೂ ಕೆಂಡದಂಥ ಸಿಟ್ಟು ಬಂತು. ಅಷ್ಟೇ ಹೆಮ್ಮೆಯೂ ಆಯಿತು. ಉಲ್ಲಾಸ್‌ಗೆ ಆಕ್ಷೇಪವಿದೆಯೇ ಎಂದು ಬಸವಂತರಾಯರು ಕೇಳಿದಾಗ ಅವನು ಎದ್ದು, ಸಂಕದ ಬಗ್ಗೆ ಇಲ್ಲ, ಸೇತುವೆ ಬಗ್ಗೆ ಇಲಾಖೆಯನ್ನು ಕೇಳಬೇಕು ಎಂದು ಹೇಳಿ ಕೂತ.

ಆದೇಶಕ್ಕೆ ಕಾಯುವಷ್ಟು ಕಾಲ ನಾನು ಸರಿಯಾಗಿ ಊಟ ಮಾಡಲಿಲ್ಲ. ಸುಹಾನಾ ಮಾತ್ರ ಕಡಬದಲ್ಲಿ ಯಾರದೋ ಮನೆಯ ತಾರಸಿ ಸೋರುವುದನ್ನು ನಿಲ್ಲಿಸುತ್ತಿದ್ದಳಂತೆ. ನವರಾತ್ರಿ ಕಳೆದ ಮೇಲೆ ಆದೇಶ ಬಂತು. ಎಲ್ಲರನ್ನೂ ಆಫೀಸಿಗೆ ಕರೆಸಿ ನಾನೇ ಗಟ್ಟಿಯಾಗಿ ಓದಿದೆ.

"ಗುತ್ತಿಗೆದಾರರು ಕಾಲುಸಂಕದ ಕಾಮಗಾರಿಯನ್ನು ಸಂಪೂರ್ಣವಾಗಿ ಮುಗಿಸಿರುತ್ತಾರೆ. ಇಲ್ಲಿ ಕಾಲು ಎಂದರೆ ನಡೆಯುವ ಕಾಲೇ ಹೊರತು ನಾಲ್ಕರಲ್ಲೊಂದು ಭಾಗವಲ್ಲ ಎಂಬುದು ವಿಚಾರಣೆ ವೇಳೆ ಕಣ್ಣಾರೆ ಸಾಬೀತಾಗಿದೆ. ಕಪ್ಪು ಪಟ್ಟಿಯ ಪ್ರಸ್ತಾವವನ್ನು ಕೈಬಿಡಲಾಗಿದೆ. ಸದರಿ ಸ್ಥಳದಲ್ಲಿ ವಾಹನ ಸಂಚಾರದ ಸೇತುವೆ ಇರುವುದಿಲ್ಲ, ಅದರ ಅಗತ್ಯವಿದೆ."

ಸಾಹುಲ್ ಹಮೀದ್ ಮಗಳ ತಲೆಯ ಮೇಲೆ ಕೈಯಿಟ್ಟು ಅತ್ತೇಬಿಟ್ಟರು, ಅಳುತ್ತಲೇ ನನ್ನ ಫೈಲುಗಳ ಮೇಲೆ ಹಲ್ವದ ಡಬ್ಬ ತೆರೆದಿಟ್ಟರು. ನನ್ನ ಕಣ್ಣೂ ಒದ್ದೆಯಾಗಿತ್ತು, ಹಲ್ವದ ತುಪ್ಪ ಆದೇಶಕ್ಕೆ ಸೋಕೀತೆಂದು ಗದರಿಸಿ ಕಣ್ಣೀರು ಮರೆಮಾಚಿದೆ. ಚನಿಯಪ್ಪ ಕೊನೆಯ ಸಾಲನ್ನು ನನ್ನಿಂದ ಮತ್ತೊಮ್ಮೆ ಓದಿಸಿದರು. ಸರ್ಕಾರವೇ ಇಲ್ಲ ಎಂದು ಒಪ್ಪಿಕೊಂಡ ಸೇತುವೆ! ಇನ್ನು ಅರ್ಜಿಯ ಜೊತೆ ಲಗತ್ತಿಸಲು ಇದಕ್ಕಿಂತ ದೊಡ್ಡ ಕಾಗದ ಬೇಕೇ? ಜೆರಾಕ್ಸ್ ಪ್ರತಿಗಳನ್ನು ಅಂಗಿಯ ಒಳಗಿಟ್ಟುಕೊಂಡು ಅವರು ಸುಹಾನಾಳ ಕಡೆ ತಿರುಗಿದರು.

"ಸೇತುವೆಗೆ ಟೆಂಡರ್ ಕರೆದ್ರೆ ನೀನೇ ಹಾಕ್ಬೇಕು ಮಗಾ."

"ಹಾಕ್ತೇನೆ. ಕಟ್ಟಿ ಆದ ಮೇಲೆ ಸೇತುವೆ ಆಯ್ತು ಅಂತ ಸಾಕ್ಷಿ ಹೇಳ್ತೀರಲ್ಲ ಚನಿಯಪ್ಪಣ್ಣ?"

ಚನಿಯಪ್ಪ ಬಾಯಲ್ಲಿದ್ದ ಹಲ್ವ ನುಂಗಿ, ಯೋಚಿಸಿ ಹೇಳಿದರು.

"ಈಗಲೇ ಮಾತು ಕೊಡುದಿಲ್ಲ. ಮೊದಲು ಬಸ್ಸು ದಾಟ್ಲಿ. ಅದರಲ್ಲೇ ಕೂತು ಬಂದು ಹೇಳ್ತೇನೆ."