ಖಾಲಿ ಕುರ್ಚಿಯ ಭಾರ

ಅವರು ನಡೆದರೆ ಬೇರೆ ಯಾರದೋ ಹೆಜ್ಜೆಯ ಸದ್ದಾಗುತ್ತಿತ್ತು. ಬಾಗಿಲಿನಾಚೆ ಕಾವಲುಗಾರನ ಬೂಟು ಎಳೆದಂತೆ ಕೇಳಿಸಿ ಮಕ್ಕಳು ಗಪ್‌ಚಿಪ್ಪಾದರೆ, ಒಳಗೆ ಬಂದು ನಿಲ್ಲುತ್ತಿದ್ದವರು ಬರಿಗಾಲಿನ ಮೇಡಂ. ಮುಖ್ಯೋಪಾಧ್ಯಾಯಿನಿ ಬಂದು ಹೋದ ಮೇಲೆ ಒಂದಷ್ಟು ಹೊತ್ತು ಹಿಮ್ಮಡಿ ಕುಟ್ಟಿ ನಡೆಯುವರು. ನಾಟಕಕ್ಕೆಂದು ಬಾಡಿಗೆಗೆ ತಂದ ದೀಪಗಳನ್ನು ಇಳಿಸಲು ಬಂದ ಕುಂಟುನಡೆಯ ಮುದುಕ ಹೋದ ಮೇಲೆ ಅವರ ಬಲಮೊಣಕಾಲು ತಾನಾಗಿ ಬಿಗಿದುಕೊಳ್ಳುವುದು. ಅವರ ಸ್ವಂತ ನಡಿಗೆ ಹೇಗಿದ್ದಿರಬಹುದೆಂದು ಯಾರಿಗೂ ಗೊತ್ತಿರಲಿಲ್ಲ. ರಜೆಯಲ್ಲಿ ಖಾಲಿಬಿದ್ದ ಶಾಲೆಯ ಸಭಾಂಗಣದಲ್ಲಿ, ಹದಿಹರೆಯದವರಿಗೆಂದು ಅವರು ಪ್ರತಿ ಬೇಸಿಗೆ ನಡೆಸುತ್ತಿದ್ದ ನಾಟಕ ಶಿಬಿರದಲ್ಲಿ, ಮಕ್ಕಳು ಮೊದಲ ವಾರವೇ ಅವರಿಗೆ ನೆರಳು ಮೇಡಂ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ನೆರಳಿಗೆ ಅಂತ ಫೀಸು ಕಟ್ಟಿದೀರಲ್ಲ, ಬಿಸಿಲಲ್ಲಿ ಯಾಕ್ ನಿಂತಿದೀರಿ? ಬನ್ನಿ ಒಳಗೆ," ಎಂದು ಕರೆಯುತ್ತಿದ್ದರು.

ಎಂಥ ಸೆಖೆಯಲ್ಲೂ ಮೈಮೇಲೆ ಬೂದುಬಣ್ಣದ ಗಂಡಸರ ಕೋಟು. ತೋಳು ಉದ್ದವಾಗಿ ಬೆರಳ ತುದಿಯಷ್ಟೇ ಕಾಣುತ್ತಿತ್ತು. ಜೇಬಿನೊಳಗೆ ಸೀಮೆಸುಣ್ಣ, ಸೂಜಿದಾರ, ಯಾರ ಅಂಗಿಯದೋ ಕಿತ್ತುಬಿದ್ದ ಗುಂಡಿ, ನೆಲ ಒರೆಸುವ ತುಂಡುಬಟ್ಟೆ. ಮಾತುಮಾತಿಗೆ "ಆಯ್ತಾ?" ಎಂದು ಕೇಳಿ, ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ "ಆಗಿಲ್ಲ" ಎಂದು ತಾವೇ ಹೇಳಿ ಮುಗಿಸುವುದು ಅವರ ರೂಢಿ.

ಆ ಬೇಸಿಗೆ ಶಿಬಿರಕ್ಕೆ ಬಂದವರಲ್ಲಿ ಬಾಯಿ ತೆರೆಯದವಳೆಂದರೆ ಒಬ್ಬ ಹುಡುಗಿ. ಉಳಿದವರು ಅವಳನ್ನು 'ಮ್ಯೂಟ್' ಎಂದು ಕರೆಯುತ್ತಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಅವಳ ತಾಯಿ, "ನಾಲ್ಕು ಜನರೆದುರು ಬಾಯಿಬಿಡೋದನ್ನಾದ್ರೂ ಕಲೀಲಿ" ಎಂದು ಕಳಿಸಿದ್ದಳು. ಹುಡುಗಿ ಬಂದು ಗೋಡೆಗೆ ಆನಿಕೊಂಡು ನಿಂತಳು, ಗೋಡೆಯ ಬಣ್ಣದವಳಾಗಿಯೇ ಉಳಿದಳು.

ಮೇಡಂ ಕೊಡುತ್ತಿದ್ದ ಮೊದಲ ಪಾಠ ಸಂಭಾಷಣೆಯದಲ್ಲ, ನಡಿಗೆಯದು. "ಮನೇಲಿ ಒಬ್ಬರ ನಡಿಗೆ ಕದ್ದು ತನ್ನಿ. ಕದ್ದದ್ದು ಅವರಿಗೆ ಗೊತ್ತಾಗಬಾರದು." ಹುಡುಗರೆಲ್ಲ ಅಪ್ಪಂದಿರನ್ನು ತಂದರು, ಎಲ್ಲ ಅಪ್ಪಂದಿರೂ ಎದೆ ಮುಂದೆ ಹಾಕಿ ಸೋಫಾದ ಕಡೆಗೇ ನಡೆಯುತ್ತಿದ್ದರು. ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಹುಡುಗಿ ತಾಯಿಯ ನಡಿಗೆ ತಂದಳು. ಎಡಗೈ ಸೊಂಟಕ್ಕೆ ಒತ್ತಿ, ಬಲಗೈಯಲ್ಲಿ ತುಂಬಿದ ಬಕೆಟ್ ಇದೆಯೋ ಎಂಬಂತೆ ಭುಜ ಇಳಿಬಿಟ್ಟು, ಪ್ರತಿ ಬಾಗಿಲಲ್ಲೂ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ನಿಂತು ಹಿಂದಕ್ಕೆ ತಿರುಗಿ ನೋಡುವುದು. ಯಾರೂ ನಗಲಿಲ್ಲ.

ಆಟ ಮುಗಿದ ಮೇಲೆ ಒಂದು ನಿಯಮ. ಮೂಲೆಯಲ್ಲೊಂದು ಹಳೆಯ ಬೆತ್ತದ ಕುರ್ಚಿ. ಸಂಜೆ ಮನೆಗೆ ಹೊರಡುವ ಮುನ್ನ ಪ್ರತಿಯೊಬ್ಬರೂ ಅದರ ಮೇಲೆ ಕೂತು, "ಇದು ಇಂಥವರದು, ನನ್ನದಲ್ಲ" ಎಂದು ಹೇಳಿ, ಹೊತ್ತುತಂದ ನಡಿಗೆಯನ್ನು ಅಲ್ಲೇ ಬಿಟ್ಟು ಏಳಬೇಕು. ಮೇಡಂ ಬೇರೆಲ್ಲದರಲ್ಲಿ ಸಡಿಲ, ಇದರಲ್ಲಿ ಮಾತ್ರ ಬಿಲ್‌ಕುಲ್ ಬಿಡುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಆ ಕುರ್ಚಿಯನ್ನು ತಾವೇ ಸಾಮಾನಿನ ಕೋಣೆಗೆ ಒಯ್ಯುವರು. ಒಂದೇ ಕೈಯಲ್ಲಿ ಎತ್ತಬಹುದಾದ ಕುರ್ಚಿ. ಆದರೆ ಅವರು ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು, ತುಂಬಿದ ಹಂಡೆಯನ್ನು ಒಲೆಯಿಂದ ಇಳಿಸುವವರ ಹಾಗೆ ಒಯ್ಯುತ್ತಿದ್ದರು. ಚಪ್ಪಲಿ ಹುಡುಕುತ್ತಾ ಹಿಂದುಳಿದ ಹುಡುಗಿ ಅದನ್ನು ನೋಡಿದಳು. ಕುರ್ಚಿಯ ಮೇಲೆ ಹೇಳಲೇಬೇಕಾದ ಆ ಒಂದು ಸಾಲು ಬಿಟ್ಟರೆ ಶಿಬಿರದಲ್ಲಿ ಅವಳಾಡಿದ ಮೊದಲ ಮಾತು ಇದೇ:

"ಎಲ್ಲರೂ ಬಿಟ್ಟುಹೋದದ್ದನ್ನ ಯಾರು ತೆಗೀತಾರೆ ಮೇಡಂ?"

"ತೆಗೆಯೋರು ಒಬ್ಬರು ಇರ್ತಾರಲ್ಲ, ಎಲ್ಲ ಮನೇಲೂ," ಎಂದರು ಅವರು, ತಿರುಗಿ ನೋಡದೆ.

ಒಂದು ಸಂಜೆ ತಾಯಿಗೆ ಎರಡನೇ ಪಾಳಿ. ಪಕ್ಕದ ಮನೆಯಲ್ಲಿ ಬಿಟ್ಟ ತಮ್ಮನನ್ನು ಕರೆತರಬೇಕು, ಕುಕ್ಕರ್ ಇಡಬೇಕು, ಒಣಗಿದ ಬಟ್ಟೆ ತೆಗೆಯಬೇಕು. ಕುರ್ಚಿಯ ಮುಂದಿನ ಸಾಲು ಉದ್ದವಾಗಿತ್ತು. ಹುಡುಗಿ ಅಮ್ಮನ ನಡಿಗೆಯನ್ನು ಇಳಿಸದೆಯೇ ಹಿಂಬಾಗಿಲಿಂದ ಓಡಿಬಿಟ್ಟಳು.

ಒಲೆಯ ಮುಂದೆ ನಿಂತಿದ್ದಾಗ ತಮ್ಮ ಹಿಂದಿನಿಂದ, "ಅಮ್ಮಾ, ನೀರು" ಎಂದ. ಅವಳು ತಿರುಗಿದಳು. ಅವನು ಲೋಟ ಹಿಡಿದ ಕೈ ಹಿಂದಕ್ಕೆಳೆದುಕೊಂಡು, "ಅಯ್ಯೋ, ನೀನಾ!" ಎಂದವನು ಅವತ್ತು ಅವಳ ಪಕ್ಕ ಮಲಗಲು ಒಪ್ಪಲಿಲ್ಲ. ಅವಳು ಕೆಳಗೆ ನೋಡಿಕೊಂಡಳು: ಎಡಗೈ ಸೊಂಟದ ಮೇಲಿತ್ತು. ತೆಗೆದಳು. ಮತ್ತೆ ಅಲ್ಲೇ ಹೋಗಿ ಕೂತಿತು. ಮರುದಿನ ಬೇಕೆಂದೇ ಕೈಬೀಸಿ, ಹಾರಿ, ಕುಣಿದು ನಡೆದು ನೋಡಿದಳು. ಬಾಗಿಲು ಬಂದೊಡನೆ ಕಾಲು ತಾನಾಗಿ ನಿಂತಿತು, ಕತ್ತು ತಾನಾಗಿ ತಿರುಗಿತು. ಎಂದೂ ನೋವರಿಯದ ಸೊಂಟದಲ್ಲಿ ಯಾರದೋ ಹಳೆಯ ನೋವು ಮಿಡಿಯತೊಡಗಿತು. ಸಂಜೆ ಕುರ್ಚಿಯ ಮೇಲೆ ಕೂತು, "ಇದು ಅಮ್ಮಂದು, ನಂದಲ್ಲ" ಎಂದು ಎದ್ದಳು. ಅದೂ ಜೊತೆಯಲ್ಲೇ ಎದ್ದಿತು.

ಪಾಳಿಯಿಲ್ಲದ ಒಂದು ದಿನ ತಾಯಿ ಕಾಳು ಆರಿಸುತ್ತಾ ಕೂತಿದ್ದವಳು ಮಗಳು ಕೋಣೆಯಿಂದ ಹೊರಬರುವುದನ್ನು ಕಂಡು ಮೊರ ಕೆಳಗಿಟ್ಟಳು.

"ಹಂಗ್ಯಾಕೆ ನಡೀತಿದೀಯ? ಯಾರು ಹೇಳ್ಕೊಟ್ರು?"

"ನಿನ್ನದೇ ಅಮ್ಮ. ಕ್ಲಾಸಿಗೆ ಅಂತ ಮಾಡ್ದೆ, ಹೋಗ್ತಾ ಇಲ್ಲ."

"ನಂದಾ? ನಾನೆಲ್ಲೇ ಹಂಗೆ ನಡೀತೀನಿ!" ತಾಯಿಯ ದನಿ ಇಳಿಯಿತು. "ಅದು ನಮ್ಮಮ್ಮನ ನಡಿಗೆ. ನೀನು ಹುಟ್ಟೋ ಮುಂಚೆನೇ ಹೋದಳಲ್ಲೇ ಅವಳು. ಒಂದು ಫೋಟೋನೂ ಇಲ್ಲ."

ಮಗಳಿಗೆ ಏನನ್ನಿಸಿತೋ, ಸರಸರನೆ ಶಿಬಿರಕ್ಕೆ ಹೋಗಿ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಷ್ಟು ಮಾತು ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಮೇಡಂ ಅವಳನ್ನು ಸಭಾಂಗಣದ ಉದ್ದಕ್ಕೂ ನಡೆಸಿ ನೋಡಿದರು. ಕಂಡವರ ನಡಿಗೆಯೆಲ್ಲ ಅಂಟಿಸಿಕೊಳ್ಳುವ ಅವರು ಇದೊಂದಕ್ಕೆ ಮಾತ್ರ ಹಿಂದೆ ಸರಿದು ನಿಂತರು.

"ಇದು ಒಬ್ಬರದಲ್ಲ ಕಣಮ್ಮ. ಕೈಯಿಂದ ಕೈಗೆ ಬಂದಿದೆ. ಮೂಲೇಲಿ ಕೂತು ಗುಟ್ಟಾಗಿ ಇಳಿಸಿದ್ರೆ ಇಳಿಯಲ್ಲ, ನೋಡೋರ ಮುಂದೆ ಇಳಿಸ್ಬೇಕು. ಕೊನೇ ದಿನದ ಪ್ರದರ್ಶನಕ್ಕೆ ನಿಮ್ಮಮ್ಮನ್ನ ಕರ್ಕೊಂಡು ಬಾ."

"ಅಮ್ಮಂಗೆ ಪಾಳಿ ಇರುತ್ತೆ."

"ಬದಲಾಯಿಸ್ಕೊಳ್ಳಕ್ಕೆ ಹೇಳು. ಇಲ್ದಿದ್ರೆ ಇದು ನಿನ್ನದೇ ಆಗೋಗುತ್ತೆ. ಆಯ್ತಾ?"

ಈ ಸಲ ಅವರು ತಾವೇ ಉತ್ತರ ಹೇಳಲಿಲ್ಲ. ಕಾದರು.

"ಆಯ್ತು," ಎಂದಳು ಹುಡುಗಿ.

ಪ್ರದರ್ಶನದ ಸಂಜೆ ರಂಗದ ಮೇಲೆ ಬರಿಯ ಬಾಗಿಲ ಚೌಕಟ್ಟುಗಳು, ಕೊನೆಯಲ್ಲಿ ಆ ಕುರ್ಚಿ. ಹುಡುಗಿ ಸೊಂಟಕ್ಕೆ ಕೈಕೊಟ್ಟು ಹೊರಟಳು. ಮೊದಲ ಚೌಕಟ್ಟಿನಲ್ಲಿ ನಿಂತು, ತಿರುಗಿ, ಗಟ್ಟಿಯಾಗಿ ಕೇಳಿದಳು: "ಗ್ಯಾಸ್ ಆಫ್ ಮಾಡಿದ್ನಾ?" ಜನ ನಕ್ಕರು. "ಹಾಲು ಮುಚ್ಚಿದ್ನಾ?" ಇನ್ನೂ ನಕ್ಕರು. "ಅವರು ಉಂಡ್ರಾ?" ಹೆಂಗಸರ ನಗು ಅಲ್ಲಲ್ಲೇ ನಿಂತಿತು. "ಮಗು ಎದ್ದಿತಾ? ಬಾಗಿಲು ಹಾಕಿದ್ನಾ? ನಾನು ಉಂಡ್ನಾ?" ಆ ಕೊನೆಯ ಪ್ರಶ್ನೆ ಅಭ್ಯಾಸದಲ್ಲಿ ಇರಲಿಲ್ಲ, ದನಿಯೂ ಅವಳದಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಹುಡುಗಿ ಕುರ್ಚಿಯಲ್ಲಿ ಕೂತಳು. "ಇದು ಅಮ್ಮಂದು. ಅಮ್ಮನ ಅಮ್ಮಂದು. ಅವರ ಹಿಂದಿನವರದು. ನಂದಲ್ಲ." ಎದ್ದಳು. ಅವಳೆದ್ದ ಮೇಲೆ, ಖಾಲಿ ಕುರ್ಚಿಯ ಬೆತ್ತ, ದಿನವಿಡೀ ನಿಂತು ದಣಿದವರು ಕೊನೆಗೊಮ್ಮೆ ಕೂತರೆ ಆಗುವಂತೆ ಕಿರ್ರೆಂದಿತು. ಹುಡುಗಿ ಹೊಸ ಚಪ್ಪಲಿ ಮೆಟ್ಟಿದವಳ ಹಾಗೆ ತುಸು ತಡವರಿಸುತ್ತಾ, ಎರಡೂ ಕೈ ಬೀಸಿಕೊಂಡು, ಬಾಗಿಲಲ್ಲಿ ನಿಲ್ಲದೆ ನಡೆದುಹೋದಳು.

ಜನ ಕರಗಿದರು. ತಾಯಿ ಬಾಗಿಲವರೆಗೆ ಹೋಗಿ, ಒಂದು ಕಾಲು ಹೊರಗಿಟ್ಟು, ತಿರುಗಿ ನೋಡಿದಳು. "ಅಲ್ಲಿ ಯಾರೋ ಕೂತಿದಾರಲ್ಲೇ," ಎಂದಳು ಮೆಲ್ಲಗೆ.

"ಕೂತ್ಕೊಳ್ಳಲಿ ಬಿಡಮ್ಮ. ಒಂದು ನಿಮಿಷ ಇರು, ಬಂದೆ," ಎಂದು ಹುಡುಗಿ ರಂಗದ ಕಡೆಗೆ ಓಡಿದಳು.

ಮೇಡಂ ಕುರ್ಚಿಗೆ ಕೈಹಾಕಿ ಬಗ್ಗಿದ್ದರು. ಹುಡುಗಿ ಅದರ ಇನ್ನೊಂದು ತೋಳನ್ನು ಹಿಡಿದು ಎತ್ತಿದಳು. ಎತ್ತಿದ ಕ್ಷಣವೇ ಅವಳ ಮೊಣಕೈ ಕೆಳಕ್ಕೆ ಜಗ್ಗಿತು. ಕುರ್ಚಿ ನಿಜಕ್ಕೂ ಭಾರವಾಗಿತ್ತು. ಇಬ್ಬರೂ ಕಾರಿಡಾರಿನಲ್ಲಿ ಅದನ್ನು ಒಯ್ಯುತ್ತಿರಲು, ಪಕ್ಕದಲ್ಲಿ ಎಂದೂ ಕೇಳದ ಹೆಜ್ಜೆಯೊಂದು ಕೇಳಿಸಿತು: ಚಿಕ್ಕದು, ಚುರುಕಾದದ್ದು, ಆಟಕ್ಕೆ ಓಡಲು ಅವಸರ ಪಡುವ ಹುಡುಗಿಯದು. ಅದು ಮೇಡಂ ಅವರದೇ ಹೆಜ್ಜೆ. ಕುರ್ಚಿಯನ್ನು ಸಾಮಾನಿನ ಕೋಣೆಯ ಮೂಲೆಯಲ್ಲಿಟ್ಟು ಅವರು ಏದುಸಿರಿನ ನಡುವೆ ಕೇಳಿದರು, "ಆಯ್ತಾ?"

"ಆಗಿಲ್ಲ," ಎಂದಳು ಹುಡುಗಿ. "ನೀವಿನ್ನೂ ಕೂತಿಲ್ಲ."

ಮೇಡಂ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ನಕ್ಕರು. ಕೂರಲಿಲ್ಲ.

ಮಕ್ಕಳನ್ನು ಬೆಳೆಸುವವರು ಹಲವರಿರುತ್ತಾರೆ. ಮಕ್ಕಳು ಬೆಳೆಯುವಾಗ ಕಳಚಿಟ್ಟದ್ದನ್ನು ಎತ್ತಿಡುವವರು ಎಲ್ಲೋ ಒಬ್ಬರು. ಇಂಥವರ ಮುಂದೆ ಮಕ್ಕಳು ಹಗುರಾಗಿ ಹೊರಗೆ ಓಡುತ್ತಾರೆ, ಚಪ್ಪಾಳೆಯೂ ಆ ಮಕ್ಕಳ ಹಿಂದೆಯೇ ಓಡುತ್ತದೆ. ಒಳಗೆ ಉಳಿದವರ ಕಾಲಲ್ಲಿ ಊರಿನವರ ಹೆಜ್ಜೆಗಳೆಲ್ಲ ಸೇರಿಕೊಂಡು, ಅವರದೊಂದಕ್ಕೆ ಜಾಗವಿರುವುದಿಲ್ಲ. ಇನ್ನೊಂದು ಕೈ ಬಂದು ಆ ಭಾರವನ್ನು ಅರ್ಧ ಹಿಡಿದ ಹೊತ್ತಿನಲ್ಲಿ ಮಾತ್ರ ಅವರ ಸ್ವಂತ ಹೆಜ್ಜೆ ಕೇಳಿಸುತ್ತದೆ. ಆಗಲೂ ಕಾರಿಡಾರಿನ ಆ ತುದಿಯಿಂದ ಈ ತುದಿಯವರೆಗೆ ಅಷ್ಟೇ.