ಕಡ್ಡಿಯಷ್ಟು ಕೆಳಗೆ

ಶ್ರುತಿಯ ವಿಷಯದಲ್ಲಿ ಈ ಕಡೆಯ ಜನ ಬಹಳ ಖಡಕ್ಕು. ಊಟದಲ್ಲಿ ಉಪ್ಪು ಕಡಿಮೆಯಾದರೆ ಮರ್ಯಾದೆಗೆ ಸುಮ್ಮನಿದ್ದಾರು; ಸ್ವರ ಒಂದು ಎಳೆ ಜಾರಿದರೆ ಮುಂದಿನ ಸಾಲಿನವರ ಹುಬ್ಬೆಲ್ಲ ಮೇಲೆ. ಅಂಥ ಸೀಮೆಯಲ್ಲಿ ‘ಕಿವಿ ಸರಿಯಿಲ್ಲ’ ಅನ್ನಿಸಿಕೊಂಡವಳು ಯಾವ ಮುಖ ಹೊತ್ತು ವೇದಿಕೆ ಹತ್ತಬೇಕು?

ದಿವ್ಯಾಳ ಪಾಡು ಈಗ ಅದೇ ಆಗಿತ್ತು. ದಾಸನಕೊಪ್ಪದ ರೈತರ ಮನೆಯ ಹುಡುಗಿ, ಶಿರಸಿಯ ಟೈಲ್ಸ್ ಅಂಗಡಿಯಲ್ಲಿ ಕೆಲಸ. ಎಲೆಕ್ಟ್ರಿಕ್ ಗಿಟಾರನ್ನು ಯಾವ ಗುರುವಿನ ಮುಂದೆಯೂ ಕೂರದೆ, ಮೊಬೈಲ್ ನೋಡಿ ನೋಡಿ ತಾನೇ ಕಲಿತವಳು. ಇಸಳೂರಿನ ಸಂದೇಶನ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಮೂವರ ತಾಲೀಮು ನಡೆಯುತ್ತಿತ್ತು. ಸಂದೇಶನದು ಡ್ರಮ್ಸ್, ಅವನ ಚಿಕ್ಕಪ್ಪನ ಮಗಳು ಅಭಿಜ್ಞಾಳದು ಹಾಡು. ಅಭಿಜ್ಞಾ ಹಿಂದೂಸ್ತಾನಿ ಕಲಿತವಳಾದ್ದರಿಂದ ಅವರ ಕಾರ್ಯಕ್ರಮ ಆಲಾಪದಿಂದಲೇ ಶುರು: ಅವಳು ಷಡ್ಜ ಹಿಡಿದು ನಿಲ್ಲುತ್ತಾಳೆ, ದಿವ್ಯಾ ದಪ್ಪ ತಂತಿಯನ್ನು ಮೇಲಿನ ಮನೆಯಲ್ಲಿ, ಅಂದರೆ ಗಿಟಾರಿನ ಹೊಟ್ಟೆಯ ಹತ್ತಿರದ ಫ್ರೆಟ್ಟಿನಲ್ಲಿ, ಒತ್ತಿ ಅದೇ ಷಡ್ಜದಲ್ಲಿ ಬಂದು ಕೂಡಿಕೊಳ್ಳಬೇಕು.

ಇತ್ತೀಚೆಗೆ ಅದು ಕೂಡಿಕೊಳ್ಳುತ್ತಿರಲಿಲ್ಲ. ಮೀಟಿದ ಸ್ವರ ನೆಟ್ಟಗೆ ನಿಲ್ಲದೆ ಅಲ್ಲೇ ಓಲಾಡುತ್ತಿತ್ತು. ತಂತಿ ಬದಲಿಸಿಯಾಯಿತು, ಮೊಬೈಲಿನ ಟ್ಯೂನರ್ ಹಿಡಿದು ಬಿರಡೆ ತಿರುವಿಯಾಯಿತು. ಒತ್ತದೆ ಬಿಟ್ಟ ಖಾಲಿ ತಂತಿ ಸರಿ. ಮೇಲಿನ ಮನೆಗೆ ಹೋದರೆ ಮತ್ತೆ ಅದೇ ಓಲಾಟ. ಕೊನೆಗೆ ಸಂದೇಶ ಡ್ರಮ್ಮಿನ ಕೋಲು ಕೆಳಗಿಟ್ಟ.

“ನೋಡು ಮಾರಾಯ್ತಿ, ಬೇಜಾರು ಮಾಡ್ಕೋಬೇಡ. ನಿನ್ನ ಕೈ ಚೆನ್ನಾಗಿದೆ. ಕಿವಿ ಸ್ವಲ್ಪ ಹೆಚ್ಚುಕಮ್ಮಿ ಕಾಣ್ತದೆ.”

ಮುಂದಿನ ಭಾನುವಾರ ಯಲ್ಲಾಪುರದಲ್ಲಿ ಕಾರ್ಯಕ್ರಮ. ಅಲ್ಲಿಯ ತುಷಾರನಿಗೆ ಗಿಟಾರ್ ಹಿಡಿದು ಬಾ ಎಂದು ಸಂದೇಶ ಆಗಲೇ ಹೇಳಿಬಿಟ್ಟಿದ್ದನಂತೆ. ಅಭಿಜ್ಞಾ ಅಣ್ಣನ ಕಡೆ ತಿರುಗಿ, ತಮ್ಮ ಹವ್ಯಕ ಮನೆಮಾತಿನಲ್ಲೇ, “ಆನು ಕೇಳದ್ದೇ ತೀರ್ಮಾನ ಮಾಡಡ,” ಎಂದಳು. ಯಲ್ಲಾಪುರದಲ್ಲಿ ಇಬ್ಬರದ್ದನ್ನೂ ಒಮ್ಮೆ ಕೇಳಿ ತಾನೇ ಹೇಳುತ್ತೇನೆ ಎಂಬುದು ಅವಳ ಮಾತು. ದಿವ್ಯಾ ಗಿಟಾರ್ ಬೆನ್ನಿಗೇರಿಸಿ ಊರ ಕಡೆಯ ಬನವಾಸಿ ಬಸ್ಸು ಹಿಡಿದಳು.

ನಿಜ ಏನೆಂದರೆ, ಎಡವಟ್ಟು ಮಾಡಿಕೊಂಡವಳು ಅವಳೇ. ಅದು ಎಡವಟ್ಟು ಎಂದು ಗೊತ್ತಿರಲಿಲ್ಲ ಅಷ್ಟೆ. ಡ್ರಮ್ಸಿನ ಅಬ್ಬರದಲ್ಲಿ ಗಿಟಾರ್ ಕೇಳುವುದಿಲ್ಲ ಎಂದು ಸಂದೇಶ ಹಿಂದೊಮ್ಮೆ ಗೊಣಗಿದ್ದ. ತಂತಿಗಳ ಕೆಳಗೆ ಪಿಕಪ್ ಇರುತ್ತದಲ್ಲ, ತಂತಿಯ ಮಿಡಿತ ಹಿಡಿದು, ದನಿ ದೊಡ್ಡದು ಮಾಡುವ ಆಂಪ್‌ಗೆ ಕಳಿಸುವ ಪಟ್ಟಿ, ಅದರ ಎರಡೂ ತುದಿಗೆ ಏರಿಳಿಸಲು ಒಂದೊಂದು ಸ್ಕ್ರೂ. ದಿವ್ಯಾಳ ಅವ್ವ ಮಂಜಿ ಊರಿನ ಹೆಂಗಸರ ಭಜನಾ ಮಂಡಳಿಗೆ ಮುಂದಾಳು. ಮೈಕ್ ಎಂದರೆ ತುಟಿಗೆ ತಾಗಬೇಕು, ಇಲ್ಲದಿದ್ದರೆ ಹಿಂದಿನವರಿಗೆ ಏನು ಕೇಳೀತು ಎನ್ನುವುದು ಆ ಮನೆಯ ಶಾಸ್ತ್ರ. ಅದೇ ಶಾಸ್ತ್ರ ಹಿಡಿದು ದಿವ್ಯಾ ಪಿಕಪ್ಪನ್ನು ತಂತಿಗೆ ಇನ್ನೇನು ಮುತ್ತಿಡಬೇಕು ಎನ್ನುವಷ್ಟು ಮೇಲೆ ಎಬ್ಬಿಸಿದ್ದಳು. ಗಿಟಾರ್ ಗುಡುಗಿತು, ಎಲ್ಲರೂ ಭೇಷ್ ಎಂದರು. ಓಲಾಟ ಶುರುವಾದದ್ದೂ ಆವಾಗಿನಿಂದಲೇ ಎಂದು ಯಾರಿಗೂ ಹೊಳೆಯಲಿಲ್ಲ.

ಮನೆ ತಲುಪಿದಾಗ ಕರೆಂಟಿರಲಿಲ್ಲ. ಅವ್ವ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕೂತಿದ್ದಳು. ದಿವ್ಯಾ ಪಕ್ಕದಲ್ಲಿ ಕೂತು, ಆಂಪ್ ಇಲ್ಲದೆ, ಒಂದೊಂದೇ ತಂತಿ ಮೀಟಿ, ಕೊನೆಗೆ ಹಠಕ್ಕೆ ಅದೇ ಷಡ್ಜಕ್ಕೆ ಬಂದಳು.

“ಆ ದಪ್ಪ ತಂತಿ ಯಾಕವ್ವಾ ಹಂಗ ಅಳ್ತೈತಿ? ಉಳಿದಾವು ಸುಮ್ಮನದಾವು,” ಎಂದಳು ಮಂಜಿ.

ದಿವ್ಯಾ ತಲೆಯೆತ್ತಿದಳು. ಓಲಾಟ ತನಗೂ ಕೇಳುತ್ತಿತ್ತು, ಅವ್ವನಿಗೂ ಕೇಳುತ್ತಿದೆ. ಕರೆಂಟಿಲ್ಲ, ಆಂಪಿಲ್ಲ, ಅಂದರೆ ಅಳುತ್ತಿರುವುದು ತಂತಿಯೇ. ಎಲ್ಲಿ ಎಂದು ನೋಡಲು ಮಂಜಿ ಬಾಗಿದಳು. ಅವಳ ಬೆರಳ ತುದಿಯಲ್ಲಿದ್ದ ಸೂಜಿ ಟಕ್ಕನೆ ಜಾರಿ ಪಿಕಪ್ಪಿಗೆ ಅಂಟಿಕೊಂಡಿತು.

“ಇದರಾಗ ಅಯಸ್ಕಾಂತ ಐತೇನ?” ಎಂದು ಮಂಜಿ ಸೂಜಿ ಕೀಳತೊಡಗಿದಳು. ದಿವ್ಯಾ ಮಾತ್ರ ಆ ಸೂಜಿಯನ್ನೇ ನೋಡುತ್ತ ಕೂತಳು. ಸೂಜಿಯೂ ಉಕ್ಕು, ತಂತಿಯೂ ಉಕ್ಕು. ಮೇಲಿನ ಮನೆಯಲ್ಲಿ ಒತ್ತಿದರೆ ತಂತಿ ಇನ್ನಷ್ಟು ಕೆಳಗೆ ಬಾಗಿ ಅಯಸ್ಕಾಂತದ ಬಾಯಿಗೇ ಹೋಗುತ್ತದೆ. ಅದು ಜಗ್ಗುತ್ತಿದ್ದರೆ ಸ್ವರ ನೆಟ್ಟಗೆ ನಿಲ್ಲುವುದಾದರೂ ಹೇಗೆ? ಇದು ಮೈಕ್ ಅಲ್ಲ.

ಸ್ಕ್ರೂಡ್ರೈವರ್ ಬಂತು. ದಪ್ಪ ತಂತಿಯ ಕಡೆ ಒಂದೊಂದೇ ಸುತ್ತು ಇಳಿಸುವುದು, ಮೀಟುವುದು. ಮಂಜಿ ಹೊಲಿಗೆ ಬಿಟ್ಟು ಕಣ್ಣು ಮುಚ್ಚಿ ಕೂತು ಇನ್ನೂ ಅಳ್ತೈತಿ, ಇನ್ನೂ ಸ್ವಲ್ಪ ಐತಿ ಎನ್ನುತ್ತಿದ್ದಳು. ಕೊನೆಯ ಮನೆಯನ್ನು ಒತ್ತಿ ಹಿಡಿದರೂ ಪಿಕಪ್ಪಿಗೂ ತಂತಿಗೂ ನಡುವೆ ಒಂದು ಬೆಂಕಿಕಡ್ಡಿ ಸಲೀಸಾಗಿ ಆಡುವಷ್ಟು ಜಾಗವಾದಾಗ ಸ್ವರ ಕಂಬದ ಹಾಗೆ ನಿಂತಿತು. ತೆಳು ತಂತಿಯ ಕಡೆ ಅಷ್ಟೇ ಇಳಿಸಿದರೆ ದನಿ ಸೊರಗುತ್ತಿತ್ತು; ಅಲ್ಲಿ ಕಡ್ಡಿ ಬಿಗಿಯಾಗಿ ಹೋಗುವಷ್ಟೇ ಸಾಕಾಯಿತು.

ಕರೆಂಟ್ ಬಂದ ಮೇಲೆ ಆಂಪ್‌ಗೆ ಹಾಕಿದಳು. ಗುಡುಗು ಹೋಗಿತ್ತು. ಆದರೆ ಆರು ತಂತಿಯೂ ಬೇರೆ ಬೇರೆ ಕೇಳುತ್ತಿದ್ದವು, ಒಂದರ ಹೆಗಲ ಮೇಲೆ ಇನ್ನೊಂದು ಬೀಳದೆ. ಜೋರು ಬೇಕಾದರೆ ಆಂಪಿನ ಗುಂಡಿ ಇದ್ದೇ ಇದೆಯಲ್ಲ. ಇಷ್ಟು ಸಣ್ಣ ವಿಷಯ ಎಂದು ನಗು ಬಂತು. ತಾನೇ ಕಂಡುಕೊಂಡೆ ಎಂದು ಎದೆಯೂ ಉಬ್ಬಿತು.

ಯಲ್ಲಾಪುರದಲ್ಲಿ ವೇದಿಕೆಯ ಹಿಂದೆ ತುಷಾರ ಮೊದಲು ಬಾರಿಸಿದ. ಬೆರಳು ಒಳ್ಳೆ ಚುರುಕು, ದನಿ ಭಾರಿ ಜೋರು. ಅಭಿಜ್ಞಾಳ ಷಡ್ಜದ ಹತ್ತಿರ ಬಂದಾಗ ಅವನ ದಪ್ಪ ತಂತಿಯೂ ಓಲಾಡಿತು. ಸಂದೇಶ ನೆಲ ನೋಡಿದ.

ಆಮೇಲೆ ದಿವ್ಯಾ. ಅಭಿಜ್ಞಾ ಕಣ್ಣು ಮುಚ್ಚಿ ಷಡ್ಜ ಹಿಡಿದಳು. ದಿವ್ಯಾ ಅವಸರ ಮಾಡದೆ, ಆ ದನಿ ನೆಲೆಯಾಗುವವರೆಗೆ ಕಾದು, ದಪ್ಪ ತಂತಿಯನ್ನು ಒಮ್ಮೆ ಮೀಟಿ ಬಿಟ್ಟಳು. ಯಾವುದು ಗಂಟಲು, ಯಾವುದು ತಂತಿ ಎಂದು ಬೇರ್ಪಡಿಸಲಾಗಲಿಲ್ಲ. ಅಭಿಜ್ಞಾ ಉಸಿರು ಮುಗಿಸಿ ಬಾಯಿ ಮುಚ್ಚಿದ ಮೇಲೂ ಸ್ವರ ಅಲ್ಲೇ ನಿಂತಿತ್ತು.

“ಈಗ ಹೇಳು ಸಂದೇಶ, ನನ್ನ ಕಿವಿ ಹೆಂಗೈತಿ?” ಎಂದಳು ದಿವ್ಯಾ.

ಅವನು ಬಾಯಿ ತೆರೆಯುವ ಮೊದಲೇ ಅಭಿಜ್ಞಾ, “ಆನು ಇವಳ ಸಂತಿಗೇ ಹಾಡ್ತೆ,” ಎಂದು, ಹಾಡಿದರೆ ಇವಳ ಜೊತೆಗೇ ಎಂಬಂತೆ ದಿವ್ಯಾಳ ಪಕ್ಕದಲ್ಲಿ ಬಂದು ನಿಂತಳು. ಸಂದೇಶ ತಪ್ಪಾಯ್ತು ಎಂದು ಕಿವಿ ಹಿಡಿದುಕೊಂಡ.

ತುಷಾರ ಮಾತ್ರ ಮುಖ ಸಣ್ಣ ಮಾಡಲಿಲ್ಲ. ಎರಡೂ ಗಿಟಾರುಗಳ ಮೇಲೆ ಬಾಗಿ ನೋಡಿದ, ತನ್ನದರ ಪಿಕಪ್ಪು ಎಷ್ಟು ಮೇಲಿದೆ ಎಂಬುದನ್ನು ಕಂಡ, ತನ್ನ ಗಿಟಾರನ್ನು ಅವಳ ಕಡೆ ಚಾಚಿದ. “ನಂದೂ ಒಂಚೂರು ನೋಡಿ ಕೊಡ್ತ್ಯಾ?”

“ಕೊಡ್ತೀನಿ. ಬಾರಿಸಿ ಬಂದ ಮ್ಯಾಲೆ,” ಎಂದು ದಿವ್ಯಾ ತನ್ನ ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿ, ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದಳು.