ಬಾಲವಿಲ್ಲದ ಗಂಟು

ಮೈದುನ ಹೆಣದ ಕಾಲ ಬಳಿ ಬಗ್ಗಿ ಚಾದರದ ಅಂಚಿಗೆ ಕೈ ಹಾಕಿದ್ದ. ಸತ್ತವನ ಹೆಂಡತಿ ಜನರ ನಡುವೆ ನುಗ್ಗಿ ಬಂದು ಅವನ ಮಣಿಕಟ್ಟು ಹಿಡಿದು ಬಿಡಿಸಿದಳು.

"ನೀನು ಎತ್ತಬೇಡ."

ಸಣ್ಣ ದನಿಯಲ್ಲೇ ಹೇಳಿದ್ದು. ಆದರೆ ಸಾವಿನ ಮನೆಯಲ್ಲಿ ಎಲ್ಲರ ಕಿವಿಗೂ ಬೀಳುವುದು ಸಣ್ಣ ದನಿಯೇ. ನಡುಮನೆಯಲ್ಲಿದ್ದವರು ಮೂಗೊರೆಸುವುದನ್ನು ಬಿಟ್ಟು ಕಣ್ಣರಳಿಸಿದರು. ಮೈದುನ ಹಿಂದೆ ಸರಿದು, ಎಡಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದ. ಆ ಪಕ್ಕೆಯಲ್ಲಿದ್ದ ಕಿಡ್ನಿಯನ್ನು ನಾಲ್ಕು ವರ್ಷದ ಹಿಂದೆ ಅವನು ಅಣ್ಣನಿಗೆ ಕೊಟ್ಟಿದ್ದ. ಅದೂ ಈಗ ಚಾದರದಡಿ ಮಲಗಿತ್ತು.

ಎದುರುಮನೆಯ ಎಲೆಕ್ಟ್ರಿಷಿಯನ್ ಬಂದು ಕಾಲ ಕಡೆ ಹಿಡಿದ. ಸತ್ತವನ ಅಕ್ಕ ಪಕ್ಕದವಳ ಮೊಣಕೈ ತಿವಿದಳು.

"ನೋಡಿದ್ಯಾ? ಇವಳಿಗೆ ಅವನ ಕಿಡ್ನಿ ಬೇಕಿತ್ತು, ಹೆಗಲು ಬೇಡ."

ಸತ್ತವನು ಹಾಸಿಗೆ ಹೊಲಿಯುವವನು. ಮೊಳದುದ್ದದ ಸೂಜಿ ಹಿಡಿದು ಓಡಾಡುತ್ತಿದ್ದನಾದ್ದರಿಂದ ಬೀದಿಗೆಲ್ಲ ಅವನು ಸೂಜಿ. ಹೆಂಡತಿ ನೀರಿನ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಗಂಡನಿಗೆ ಆಪರೇಷನ್ ಆದ ಮೇಲೆ ಆ ಕಾರ್ಖಾನೆಯ ಕಟ್ಟಳೆಗಳನ್ನೆಲ್ಲ ಮನೆಗೆ ತಂದಳು. ಹೊಸ್ತಿಲ ಹೊರಗೆ ಒಂದು ಬಕೆಟ್ ನೀರು, ಒಂದು ಸೋಪು. ತೊಳೆಯದ ಕೈ ಒಳಗೆ ಬರುವಂತಿಲ್ಲ. ನೆಗಡಿಯವರು ಬೀದಿಯಲ್ಲೇ ನಿಂತು ಮಾತಾಡಿ ಹೋಗಬೇಕು. ಹೀಗೆ ಅವಳು ಸೋಪಕ್ಕ ಆದಳು. ಈವತ್ತು ಹೆಣ ನೋಡಲು ಬಂದವರೂ ರೂಢಿಯಂತೆ ಬಕೆಟ್ಟಿನ ಹತ್ತಿರ ನಿಂತು ಕೈ ತೊಳೆದೇ ಒಳಗೆ ಬಂದಿದ್ದರು. ತೊಳೆಯದೆ ಬಂದವಳು ಅಕ್ಕ ಒಬ್ಬಳೇ. ಅದೂ ಬೇಕೆಂದೇ, ಬಕೆಟ್ಟನ್ನು ಕಾಲಲ್ಲಿ ಸ್ವಲ್ಪ ಸರಿಸಿ.

ಅಕ್ಕನಿಗೆ ಗಂಡಿನ ಕಡೆಯವಳೆಂಬ ಗತ್ತು ಸಾಕಷ್ಟಿತ್ತು. ಬೆಳಗಿನಿಂದ ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: ತನ್ನ ತಮ್ಮನನ್ನು ನಾಲ್ಕು ವರ್ಷ ಗಾಜಿನ ಜಾಡಿಯಲ್ಲಿಟ್ಟು ಮುಚ್ಚಳ ಬಿಗಿದಿದ್ದರು, ಗಾಳಿಯಿಲ್ಲದೆ ಸತ್ತ. ಅಷ್ಟಕ್ಕೇ ಬಿಡದೆ ಮಾತ್ರೆಯ ಮಾತೂ ತೆಗೆದಳು.

"ಶಕ್ತಿ ಬರೋ ಮಾತ್ರೆ ಕೇಳಿದೀನಿ. ಇರೋ ಶಕ್ತೀನೂ ಕಳೆಯೋ ಮಾತ್ರೇನ ಯಾರಾದ್ರೂ ಗಂಡಂಗೆ ದಿನಾ ಕೈಯಾರೆ ನುಂಗಿಸ್ತಾರಾ?"

ಸೋಪಕ್ಕನಿಗೆ ಇದೆಲ್ಲ ಕೇಳಿಸಿತ್ತು. ಉತ್ತರ ಕೊಡುವ ಪುರುಸೊತ್ತು ಅವಳಿಗಿರಲಿಲ್ಲ. ಅವಳ ಅನುಮಾನವೆಲ್ಲ ಬೇರೆ ಕಡೆ ಇತ್ತು. ಬೆಳಿಗ್ಗೆ ಆಸ್ಪತ್ರೆಯಿಂದ ಹೆಣ ತಂದದ್ದು ಮೈದುನನ ಸರಕಿನ ವ್ಯಾನಿನಲ್ಲಿ. ಇಳಿಯುವಾಗ ಹಿಂಬಾಗಿಲ ಕೀಲಿನ ಸಂದಿನಲ್ಲಿ ಏನೋ ಸಿಕ್ಕಿಕೊಂಡದ್ದು ಕಂಡಿತು. ಎಳೆದು ನೋಡಿದಳು. ಹತ್ತಿ. ಹಳೆಯದು, ಬೂದು ಬಣ್ಣಕ್ಕೆ ತಿರುಗಿದ್ದು. ಅದನ್ನು ಹೆಬ್ಬೆರಳಿನಷ್ಟು ಉಂಡೆ ಮಾಡಿ ಎಡಗೈ ಮುಷ್ಟಿಯಲ್ಲಿ ಹಿಡಿದವಳು ಇನ್ನೂ ಬಿಟ್ಟಿರಲಿಲ್ಲ.

* * *

ಆಪರೇಷನ್ನಿಗೆ ಮುಂಚೆ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದ್ದರು. ವಯಸ್ಸಾದ ಹೆಂಗಸು, ಅವಸರವಿಲ್ಲದ ಮಾತು. ರಕ್ತದಲ್ಲಿ ಕಾವಲಿನವರು ಇರುತ್ತಾರೆ, ಹಗಲೂ ರಾತ್ರಿ ತಿರುಗುತ್ತಾರೆ. ಮೈಯ ಒಂದೊಂದು ಕಣವನ್ನೂ ಮುಟ್ಟಿ, ನಮ್ಮವನೋ ಪರಕೀಯನೋ ಎಂದು ನೋಡುತ್ತಾರೆ. ನಮ್ಮವನಾದರೆ ಬಿಡುತ್ತಾರೆ, ಅಲ್ಲದಿದ್ದರೆ ಕೊಲ್ಲುತ್ತಾರೆ. ಒಮ್ಮೆ ಕಂಡ ಶತ್ರುವಿನ ಗುರುತನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ.

"ತಮ್ಮನ ಕಿಡ್ನಿ ಅಂತ ಅವರಿಗೆ ಗೊತ್ತಾಗಲ್ವಾ?" ಎಂದು ಸೂಜಿ ಕೇಳಿದ್ದ.

"ತಮ್ಮ ಅನ್ನೋದು ನಿಮಗೆ ಗೊತ್ತು. ಅವರಿಗೆ ನೀವು, ನೀವಲ್ಲದ್ದು, ಎರಡೇ ಗೊತ್ತು. ಅದಕ್ಕೆ ಅವರನ್ನ ಮಂಪರಿನಲ್ಲಿಡೋಕೆ ಮಾತ್ರೆ. ಬದುಕಿರೋತನಕ ತಗೋಬೇಕು. ಆದರೆ ಮಂಪರಿನಲ್ಲಿರೋವಾಗ ನಿಜವಾದ ಕಳ್ಳ ಬಂದರೂ ಏಳಲ್ಲ. ಜೋಪಾನ."

ಆಮೇಲೆ ಅವನ ಕಸುಬು ಕೇಳಿ ಪೆನ್ನು ಕೆಳಗಿಟ್ಟರು. ಹಳೆ ಹತ್ತಿಯ ದೂಳಿನಲ್ಲಿ ಬೂಷ್ಟು ಇರುತ್ತದೆ, ಇನ್ನು ಮುಂದೆ ಆ ಕೆಲಸ ಬೇಡ ಎಂದರು. ದಿನಾ ಎಲ್ಲರೂ ಅದನ್ನು ಉಸಿರಾಡುತ್ತೇವೆ, ನಮ್ಮೊಳಗಿನವರು ಬಾಗಿಲಲ್ಲೇ ಹಿಡಿದು ಮುಗಿಸುತ್ತಾರೆ, ನಮಗೆ ಸುದ್ದಿಯೂ ಬರುವುದಿಲ್ಲ. ನಿಮ್ಮಲ್ಲಿ ಅದು ಶ್ವಾಸಕೋಶದಲ್ಲಿ ಬೇರು ಬಿಟ್ಟು ಬೆಳೆಯುತ್ತದೆ ಎಂದರು.

ಹೊರಗೆ ಬಂದು ಸೂಜಿ ತನ್ನ ಲೆಕ್ಕದಲ್ಲಿ ಅರ್ಥ ಹೇಳಿದ. "ಹಳೇ ಹತ್ತಿಗೆ ಹೊಸ ಹತ್ತಿ ಬೆರೆಸಿದ್ರೆ ಸೇರಲ್ಲ ಕಣೇ, ಗಂಟು ಕಟ್ಟುತ್ತೆ. ಆ ಮಾತ್ರೆ ಅಂದ್ರೆ ದಿನಾ ಹಿಂಜೋ ಕೆಲಸ."

ಕಸುಬಿನಲ್ಲಿ ಅವನದು ಎರಡು ಹಠ. ಹಿಂಜಿದ ಹತ್ತಿ ಹದವಾಯಿತೋ ಇಲ್ಲವೋ ಎಂದು ಬೇರೆಯವರು ಕೈಯಲ್ಲಿ ಒತ್ತಿ ನೋಡುತ್ತಾರೆ. ಅವನು ಮುಖವನ್ನೇ ಅದರೊಳಗೆ ಹೂತು ಉದ್ದಕ್ಕೆ ಉಸಿರೆಳೆಯುತ್ತಿದ್ದ. ಗಂಟು, ಕಸ, ತೇವ ಎಲ್ಲ ಮೂಗಿಗೇ ಗೊತ್ತಾಗುವುದು, ಕೈ ಸುಳ್ಳು ಹೇಳುತ್ತದೆ ಎನ್ನುತ್ತಿದ್ದ. ಎರಡನೆಯದು ಗಂಟು. ಹಾಸಿಗೆಯ ಮೈಮೇಲೆ ಅಲ್ಲಲ್ಲಿ ದಾರ ಕಟ್ಟಿ ಬಿಗಿಯುವಾಗ ಬೇರೆಯವರು ದಾರದ ಬಾಲ ಬಿಟ್ಟು ಕತ್ತರಿಸುತ್ತಾರೆ. ಇವನು ಸೂಜಿಯ ಹಿಂಬದಿಯಿಂದ ಆ ಬಾಲವನ್ನು ಒಳಗೆ ತಳ್ಳಿಬಿಡುತ್ತಿದ್ದ. ಮಲಗಿದವರ ಬೆನ್ನಿಗೆ ಗೆರೆ ಮೂಡಬಾರದು, ಅಷ್ಟೇ. ಅದಕ್ಕೆ ಇಮ್ಮಡಿ ಹೊತ್ತು ಹಿಡಿಯುತ್ತಿತ್ತು. ಮೈದುನ ಗೇಲಿ ಮಾಡುತ್ತಿದ್ದ: "ಅಣ್ಣ ಒಂದು ಹಾಸಿಗೆ ಮುಗಿಸೋದ್ರೊಳಗೆ ಗಿರಾಕಿ ಕೂತ್ಕೊಂಡೇ ನಿದ್ದೆ ಮುಗಿಸಿರ್ತಾನೆ."

ಆಪರೇಷನ್ ಆದ ಮೇಲೆ ಅಂಗಡಿಗೆ ಬೀಗ ಬಿತ್ತು. ಬೀಗದಕೈಯನ್ನು ಸೋಪಕ್ಕನೇ ಮೈದುನನ ಕೈಗೆ ಕೊಟ್ಟಿದ್ದಳು. ಮನೆಯಲ್ಲಿದ್ದರೆ ಗಂಡನ ಕೈ ತುರಿಸುತ್ತದೆ ಎಂಬ ಅನುಮಾನಕ್ಕೆ.

* * *

ಸ್ಮಶಾನ ಬೀದಿಯ ಕೊನೆಯಲ್ಲೇ ಇತ್ತು. ಗುಂಡಿಗೆ ಮಣ್ಣೆಳೆದು ಜನ ಕರಗಿದರು. ಮೈದುನ ದೂರದಲ್ಲಿ ಕಾಂಪೌಂಡಿನ ಬಳಿ ಕೂತಿದ್ದ. ಹೆಗಲು ಕೊಡಬೇಡ ಎನಿಸಿಕೊಂಡವನಿಗೆ ಮಣ್ಣು ಹಾಕುವ ಧೈರ್ಯ ಎಲ್ಲಿಂದ ಬರಬೇಕು? ಎಲ್ಲರೂ ಹೋದ ಮೇಲೆ ಒಬ್ಬನೇ ಬಂದು ಒಂದು ಹಿಡಿ ಹಾಕಿದ. ಸೋಪಕ್ಕ ಅವನಿಗಾಗಿಯೇ ಕಾದಿದ್ದಳು. ಮುಷ್ಟಿ ಬಿಚ್ಚಿ ಅವನ ಮುಖದೆದುರು ಹಿಡಿದಳು.

"ಇದು ನಿನ್ನ ಗಾಡೀಲಿ ಹೇಗೆ ಬಂತು?"

ಮೈದುನ ಹತ್ತಿ ನೋಡಿದ. ಬಾಡಿಗೆ ಹೊಡೆಯುತ್ತೇನೆ, ಜನ ಏನೇನೋ ತುಂಬುತ್ತಾರೆ ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಜೀವಮಾನದಲ್ಲಿ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಮನುಷ್ಯ.

"ಡಾಕ್ಟರು ನನ್ನ ಕೇಳಿದ್ರು. ಅವರೆದೇಲಿ ಬೆಳೆದಿರೋ ಈ ಬೂಷ್ಟು ಎಲ್ಲಿಂದ ಬಂತು, ಮನೇಲಿ ಹಳೇ ಹತ್ತಿ ಏನಾದ್ರೂ ಬಿಚ್ಚಿದ್ರಾ ಅಂತ. ನಾನು ಎದೆ ತಟ್ಟಿ ಇಲ್ಲ ಅಂದೆ. ನನ್ನ ಮನೇಲಿ ಇಲ್ಲ. ನೀನು ಅವರನ್ನ ಅಂಗಡಿಗೆ ಕರ್ಕೊಂಡು ಹೋಗಿದ್ಯಾ?"

ಅವನು ಕಾಲಲ್ಲಿ ಮಣ್ಣು ಕೆದಕಿದ.

"ಹೋಗಿದ್ಯೋ ಇಲ್ವೋ?"

"ಹೌದು. ಒಂದು ದಿನ, ನೀನು ಪಾಳೀಲಿದ್ದಾಗ."

"ಯಾರ ಕೆಲಸಕ್ಕೆ? ಯಾವ ಗಿರಾಕಿ?"

ಮೈದುನ ಅವಳನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿದ. ಅದು ಎಂಥ ನೋಟವೆಂದು ಅವಳಿಗೆ ತಿಳಿಯಲಿಲ್ಲ, ಮೈ ಮಾತ್ರ ಉರಿಯಿತು.

"ಅದೆಲ್ಲ ಬೇಡ ಅತ್ತಿಗೆ. ಕರ್ಕೊಂಡು ಹೋದೋನು ನಾನು. ಮಾಸ್ಕು ಹಾಕ್ಸಿದ್ದೆ. ಒಂದು ಗಳಿಗೆ ಬೀಡಾ ಅಂಗಡಿಗೆ ಹೋಗಿ ಬರೋದ್ರೊಳಗೆ ಅಣ್ಣ ಅದನ್ನ ತೆಗೆದಿದ್ದ. ತಪ್ಪು ನಂದೇ ಅಂತ ಇಟ್ಕೋ."

"ಇಟ್ಕೊಳ್ಳೋದೇನು, ನಿಂದೇ. ಯಾವನೋ ಗಿರಾಕಿಯ ಸೊಂಟಕ್ಕೆ ಮೆತ್ತಗಾಗಲಿ ಅಂತ ನನ್ನ ಮನೆ ಮುರಿದೆ. ಕಿಡ್ನಿ ಕೊಟ್ಟೋನೂ ನೀನೇ, ಪ್ರಾಣ ತೆಗೆದೋನೂ ನೀನೇ. ಇನ್ನು ನನ್ನ ಹೊಸ್ತಿಲು ತುಳೀಬೇಡ."

ಅವನು ತಲೆಯಾಡಿಸಿದ. ಆಯಿತು ಎಂದೋ, ಅಲ್ಲ ಎಂದೋ. ಅಂಗಡಿಯ ಬೀಗದಕೈ ತನ್ನ ಹತ್ತಿರವೇ ಇದೆ, ಸಂಜೆ ತಂದು ಹೊರಗಿಟ್ಟು ಹೋಗುತ್ತೇನೆ ಎಂದಷ್ಟೇ ಹೇಳಿದ.

* * *

ಬಾಟಲಿ ಕಾರ್ಖಾನೆಯಲ್ಲಿ ಇಡೀ ಪಾಳಿ ನಿಂತೇ ಇರಬೇಕು. ಹೋದ ವರ್ಷವಿಡೀ ಸೋಪಕ್ಕನ ಬೆನ್ನು ಹಿಡಿದುಕೊಂಡಿತ್ತು. ಗಂಡನಿಗೆ ಒಳಕೋಣೆಯಲ್ಲಿ ತೊಳೆಯಬಹುದಾದ ಸ್ಪಂಜಿನ ಹಾಸಿಗೆ ಹಾಕಿ, ತಾನು ನಡುಮನೆಯಲ್ಲಿ ಹಳೆಯ ಹತ್ತಿ ಹಾಸಿಗೆಯ ಮೇಲೆ ಮಲಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನೇ ಹೊಲಿದದ್ದು, ಈಗ ಸೊಂಟದ ಜಾಗದಲ್ಲಿ ಕಲ್ಲಿನಂಥ ಗಂಟುಗಳು. ಬೆಳಿಗ್ಗೆ ಎದ್ದು ಗೋಡೆ ಹಿಡಿದು ನೆಟ್ಟಗಾಗುತ್ತಿದ್ದಳು. ಆಗೆಲ್ಲ ಅವನು ಒಳಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ ಅವಳು ರೇಗಿದ್ದಳು.

"ಊರಿಗೆಲ್ಲ ಹಾಸಿಗೆ ಹೊಲಿದೋರ ಹೆಂಡ್ತಿ ಕಲ್ಲಿನ ಮೇಲೆ ಮಲಗ್ತಾಳೆ. ಯಾರಾದ್ರೂ ಕೇಳಿದ್ರೆ ನಗ್ತಾರೆ."

ರೇಗಿದ್ದು ಬೆನ್ನಿನ ಮೇಲೆ. ಆಡಿದವಳು ಅವತ್ತೇ ಮರೆತಳು.

ಕೆಲವು ವಾರ ಕಳೆದು ನೋವು ಇಳಿಯಿತು. ಕಾರ್ಖಾನೆಯವರು ನಿಲ್ಲುವ ಜಾಗಕ್ಕೆ ಹೊಸದಾಗಿ ರಬ್ಬರಿನ ಚಾಪೆ ಹಾಕಿಸಿದ್ದರು. ಅದರ ಗುಣವೇ ಎಂದುಕೊಂಡಳು. ಸೂಜಿ ದಿನಾ ಕೇಳುತ್ತಿದ್ದ, ಬೆನ್ನು ಹೇಗಿದೆ ಎಂದು.

"ಪರವಾಗಿಲ್ಲ. ನಿಮಗಿಂತ ಆ ರಬ್ಬರ್ ಚಾಪೇನೇ ವಾಸಿ."

ಅವನು ಬಿದ್ದು ಬಿದ್ದು ನಕ್ಕಿದ್ದ. ಅಷ್ಟು ನಗುವಂಥ ಜೋಕು ಅದಾಗಿರಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ಅವಳು ತಕ್ಷಣ ಹಿಂದಿನ ವಾರ ಮನೆಗೆ ಬಂದವರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮೂಗನ್ನೂ ನೆನೆಸಿಕೊಂಡಳು. ಯಾರ ಮೂಗು ಸುರಿಯುತ್ತಿತ್ತು, ಯಾರು ಕೈ ತೊಳೆದಂತೆ ಮಾಡಿ ಒಳಗೆ ಬಂದರು. ಎದುರುಮನೆಯವರ ಜೊತೆ ಅದೇ ಕಾರಣಕ್ಕೆ ಮಾತು ಬಿಟ್ಟಳು.

* * *

ಸಂಜೆಯ ಹೊತ್ತಿಗೆ ಮನೆಯಲ್ಲಿ ಉಳಿದವರು ಅಕ್ಕ ಮತ್ತು ಸೋಪಕ್ಕ. ದಿನವಿಡೀ ನಿಂತು ಮಾತಾಡಿದ್ದ ಅಕ್ಕನಿಗೆ ಕಾಲು ಸೋತಿತ್ತು. ಹೆಣಕ್ಕೆ ಜಾಗ ಮಾಡಲೆಂದು ಗೋಡೆಗೆ ಸುತ್ತಿಟ್ಟಿದ್ದ ಸೋಪಕ್ಕನ ಹಾಸಿಗೆಯನ್ನು ತಾನೇ ಎಳೆದು ಹಾಸಿಕೊಂಡು ಮಲಗಿದಳು. ಮಲಗಿದವಳು ಮಗ್ಗುಲಾದಳು. ಇನ್ನೊಮ್ಮೆ ಮಗ್ಗುಲಾದಳು. ಅಂಗೈಯಿಂದ ಸೊಂಟದ ಜಾಗ ಒತ್ತಿ ನೋಡಿದಳು. ಅಪ್ಪನ ಕಾಲದಿಂದಲೂ ಹಾಸಿಗೆ ಕೆಲಸದ ಮನೆಯಲ್ಲೇ ಬೆಳೆದವಳು ಅವಳು.

"ಓಹೋ," ಎಂದು ಎದ್ದು ಕೂತಳು. "ಗಂಡ ಒಳಗೆ ಕೆಮ್ತಾ ಬಿದ್ದಿರೋವಾಗ ಇವಳು ಹಾಸಿಗೆ ಹಿಂಜಿಸಿಕೊಂಡಿದ್ದಾಳೆ. ಯಾರ ಹತ್ರ ಮಾಡಿಸ್ದೆ? ಒಳ್ಳೇ ಕೈ."

"ಯಾರ ಹತ್ರಾನೂ ಇಲ್ಲ. ಅದು ಹಳೇದು."

"ನನಗೆ ಹೇಳ್ಬೇಡ. ಇದನ್ನ ಹಿಂಜಿ ಎರಡು ಮೂರು ತಿಂಗಳಾಗಿಲ್ಲ. ಒಂದು ಗಂಟು ಸಿಗಲಿ ನೋಡೋಣ."

ಸೋಪಕ್ಕ ಪಾತ್ರೆ ಕೆಳಗಿಟ್ಟು ಬಂದಳು. ಅಕ್ಕನನ್ನು ಏಳಿ ಎಂದೂ ಹೇಳದೆ ಹಾಸಿಗೆಯ ಮೇಲಿನ ಬಟ್ಟೆಯನ್ನು ಒಂದೇ ಸಲ ಎಳೆದಳು. ಅದೇ ಹಳೆಯ ಗೆರೆಗೆರೆಯ ಗವಸು, ಮೂಲೆಯಲ್ಲಿ ಅದೇ ಇಸ್ತ್ರಿ ಸುಟ್ಟ ಕಲೆ. ಆದರೆ ಅಂಚಿನಲ್ಲೂ ಗಂಟುಗಳಲ್ಲೂ ದಾರ ಬಿಳಿಯದು, ಹೊಸದು. ಅವಳು ಮೊಣಕಾಲೂರಿ ಕೂತು ಮೈಮೇಲಿನ ಗಂಟುಗಳನ್ನು ಬೆರಳಿನಿಂದ ತಡವಿದಳು. ಒಂದು, ಅದರ ಪಕ್ಕದ್ದು, ಅದರಾಚೆಯದು. ಯಾವುದಕ್ಕೂ ಬಾಲವಿರಲಿಲ್ಲ.

ಅಕ್ಕನೂ ಬಗ್ಗಿ ನೋಡಿದಳು. ಆ ಗಂಟು ಯಾರದೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಮೆಲ್ಲಗೆ ಹಾಸಿಗೆಯಿಂದ ಕೆಳಗಿಳಿದು ನೆಲದ ಮೇಲೆ ಕೂತಳು.

ಸೋಪಕ್ಕ ಎಡಗೈ ಬಿಚ್ಚಿದಳು. ಬೂದು ಹತ್ತಿ ಅಂಗೈಗೆ ಅಂಟಿಕೊಂಡಿತ್ತು. ಅಂಚಿನ ಹೊಲಿಗೆಯಲ್ಲಿ ಒಂದು ಕಡೆ ಉಗುರಿನಿಂದ ಸಂದು ಮಾಡಿ ಒಳಗಿನದನ್ನು ಚೂರು ಎಳೆದಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಳು. ಯಾವುದು ಮೊದಲಿನದು, ಯಾವುದು ಈಗ ಎಳೆದದ್ದು, ಅವಳಿಗೇ ಗುರುತು ಸಿಗಲಿಲ್ಲ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಬೀಗದಕೈಯನ್ನು ಮೆಟ್ಟಿಲ ಮೇಲಿಟ್ಟ ಸಣ್ಣ ಸದ್ದು. ಆಮೇಲೆ ಹೋಗುವ ಹೆಜ್ಜೆ ಕೇಳಬೇಕಿತ್ತು, ಕೇಳಲಿಲ್ಲ. ಬಕೆಟ್ಟಿಗೆ ಚೊಂಬು ತಾಗಿತು. ಅವಳು ಕೂತಲ್ಲಿಂದಲೇ ತಿರುಗಿ ನೋಡಿದಳು. ತೆರೆದ ಬಾಗಿಲಾಚೆ, ಹೊಸ್ತಿಲಿಗೆ ಒಂದು ಮಾರು ದೂರದಲ್ಲಿ ಮೈದುನ ಕುಕ್ಕುರುಗಾಲಲ್ಲಿ ಕೂತಿದ್ದ. ಒಳಗೆ ಬರುವವನಲ್ಲ ಎಂದು ಅವನ ಬೆನ್ನೇ ಹೇಳುತ್ತಿತ್ತು. ಆದರೂ ತೋಳು ಮಡಚಿಕೊಂಡು, ಅಂಗೈ, ಬೆರಳ ಸಂದು, ಉಗುರ ಸುತ್ತ, ಮೊಣಕೈವರೆಗೆ ಅವಳೇ ಕಲಿಸಿದ ಕ್ರಮದಲ್ಲಿ ಸೋಪು ತಿಕ್ಕುತ್ತಿದ್ದ. ನೀರು ಹೊಯ್ದುಕೊಂಡ. ಮತ್ತೆ ಸೋಪು ತೆಗೆದುಕೊಂಡ.